ಕಟಿಂಗ್ ಶಾಪಿನ ಟಿವಿಯಲ್ಲೊಂದು ಗೆರೆ

ಕಟಿಂಗ್ ಶಾಪಿನ ಅಣ್ಣ ತನ್ನ ಟಿವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ನಿದ್ದೆ ಹೋದ ಮಗುವನ್ನು ಹೊತ್ತು ತಂದಂತೆ ಎದೆಗವುಚಿಕೊಂಡು ಬಾಗಿಲಲ್ಲಿ ನಿಂತಾಗ ಪದರದಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಊರಿನಲ್ಲಿ ಇಷ್ಟೊಂದು ಟಿವಿಗಳಿವೆ, ಕೆಟ್ಟು ಬರುವುದಿದ್ದರೆ ಬೇರೆ ಯಾವುದಾದರೂ ಬರಬಾರದೆ? ಈ ಟಿವಿಯ ಮುಖ ನೋಡಬಾರದೆಂದೇ ಆಕೆ ಮೂರು ವರ್ಷದಿಂದ ತರಕಾರಿಗೆ ಹೋಗುವಾಗಲೂ ಕಟಿಂಗ್ ಶಾಪಿನ ಮುಂದಿನ ರಸ್ತೆ ಬಿಟ್ಟು ಹಿಂದಿನ ಓಣಿ ಹಿಡಿಯುತ್ತಿದ್ದಳು.

"ಅಕ್ಕಾ, ಬೇಡ ಅನ್ಬೇಡಿ," ಎಂದ ಆತ, ಹೊಸಿಲು ದಾಟುವ ಮೊದಲೇ. "ಮಾತು ಕೇಳ್ಸುತ್ತೆ, ಚಿತ್ರ ಇಲ್ಲ. ಕರಿಹಲಗೆ ಥರ ಕೂತ್ಬಿಟ್ಟಿದೆ. ದೊಡ್ಡ ರಸ್ತೆ ಅಂಗಡಿಯವ್ರು ನೋಡಿ, ಎಸೆದು ಹೊಸದು ತಗೊಳ್ಳಿ ಅಂದ್ರು."

"ಸರಿಯಾಗೇ ಹೇಳಿದಾರೆ. ಎಸೀರಿ."

"ನೀವು ಒಂದ್ಸಲ ನೋಡಿ ಎಸಿ ಅಂದ್ರೆ ಎಸೀತೀನಿ."

"ನಾನು ಪದರದ ಕೆಲಸ ಬಿಟ್ಟು ಮೂರು ವರ್ಷ ಆಯ್ತಪ್ಪ. ಮಿಕ್ಸಿ ಇದ್ರೆ ತನ್ನಿ, ಇಸ್ತ್ರಿಪೆಟ್ಟಿಗೆ ಇದ್ರೆ ತನ್ನಿ. ಒಳಗಿನ ಮೇಜೂ ಕೊಟ್ಬಿಟ್ಟೆ. ಭಾನುವಾರ ನನ್ನ ತಂಗಿ ಬಂದು ಹೊತ್ಕೊಂಡ್ ಹೋಗ್ತಾಳೆ."

ಮೇಜು ಕೊಟ್ಟೆ ಎನ್ನುವಾಗ ಆಕೆಯ ದನಿ ಕೊಂಚ ಇಳಿಯಿತು. ಒಳಕೋಣೆಯಲ್ಲಿದ್ದ ಆ ಉದ್ದನೆಯ ಮೇಜು ಆಕೆ ಮದುವೆಯಾಗಿ ಬಂದ ಹೊಸದರಲ್ಲಿ ಬಟ್ಟೆ ಕತ್ತರಿಸಲು ಮಾಡಿಸಿದ್ದು. ಆಮೇಲೆ ಅದರ ಮೇಲೆ ದಪ್ಪ ಬಿಳಿ ಕಂಬಳಿ ಬಿಗಿದು, ಹದಿನಾಲ್ಕು ವರ್ಷ ಊರಿನ ಟಿವಿಗಳನ್ನು ಅಲ್ಲೇ ಮಲಗಿಸಿ ಬಿಚ್ಚಿದ್ದಳು. ಈಗ ತಂಗಿ ಹೊಲಿಗೆ ಅಂಗಡಿ ತೆರೆಯುತ್ತಿದ್ದಾಳೆ, ಕೇಳಿದಳು, ಈಕೆ ಸರಿ ಎಂದುಬಿಟ್ಟಿದ್ದಳು. ಮೇಜು ಹೋದ ಮೇಲೆ ಮತ್ತೆ ಆ ಕೆಲಸಕ್ಕೆ ಕೈ ಹಾಕುವ ಮಾತೇ ಇರುವುದಿಲ್ಲ. ಅದು ಆಕೆಗೂ ಗೊತ್ತಿತ್ತು. ಗೊತ್ತಿದ್ದೇ ಸರಿ ಎಂದಿದ್ದಳು.

ಕಟಿಂಗ್ ಶಾಪಿನ ಅಣ್ಣ ಹೋಗುವವನಂತೆ ಕಾಣಲಿಲ್ಲ. ಟಿವಿಯನ್ನು ಗೋಡೆಗೆ ಒರಗಿಸಿ, ಸ್ಟೂಲೆಳೆದುಕೊಂಡು ಕುಳಿತೇಬಿಟ್ಟ. ದಿನವಿಡೀ ನಿಂತು ಕೆಲಸ ಮಾಡುವವನು ಕುಳಿತನೆಂದರೆ ಎಬ್ಬಿಸುವುದು ಕಷ್ಟ. "ಇವತ್ತು ಅಂಗಡಿಗೆ ರಜ," ಎಂದು ಬೇರೆ ಹೇಳಿದ.

ಆಕೆ ಗೊಣಗುತ್ತಲೇ ಟಿವಿಯ ವೈರನ್ನು ಪ್ಲಗ್ಗಿಗೆ, ಮನೆಯ ಕೇಬಲ್ಲನ್ನು ಟಿವಿಗೆ ಸಿಕ್ಕಿಸಿದಳು. ವಾರ್ತೆ ಓದುವವಳ ದನಿ ಕೋಣೆ ತುಂಬ ಕೇಳಿಸಿತು. ಪರದೆ ಮಾತ್ರ ಮಸಿ. ಆಕೆಯ ಕೈ ತಾನಾಗಿ ಗೋಡೆಯ ಗೂಡಿಗೆ ಹೋಗಿ ಟಾರ್ಚು ತೆಗೆಯಿತು. ಪರದೆಗೆ ತೀರಾ ಹತ್ತಿರ ಹಿಡಿದು, ಓರೆಯಾಗಿ ಬೆಳಕು ಬಿಟ್ಟಳು. ಬಾವಿಯ ತಳದಲ್ಲಿ ಯಾರೋ ನಿಂತು ಮಾತಾಡುವ ಹಾಗೆ, ಕತ್ತಲೆಯೊಳಗೆ ಒಂದು ಮುಖ, ಆಡುತ್ತಿರುವ ತುಟಿಗಳು ಮಸುಕಾಗಿ ಕಂಡವು.

"ಅರೆ! ಒಳಗಿದಾಳಲ್ಲ!" ಎಂದ ಆತ.

"ಎಲ್ಲಿ ಹೋಗ್ತಾಳೆ? ಚಿತ್ರ ಇದೆ. ಹಿಂದಿನ ದೀಪ ಸತ್ತಿದೆ, ಅಷ್ಟೆ."

ಮಾತು ಮುಗಿಯುವ ಹೊತ್ತಿಗೆ ಆಕೆಗೆ ತನ್ನ ಕೈಯಲ್ಲಿ ಟಾರ್ಚು ಇರುವುದು ಅರಿವಾಯಿತು. ಅದನ್ನು ಹಿಡಿಯುವುದು ಎಂದೂ ಆಕೆಯ ಕೆಲಸವಾಗಿರಲಿಲ್ಲ. ಅದು ಗಂಡನ ಕೆಲಸ.

ಆಕೆಯ ಗಂಡನನ್ನು ಬೀದಿಯವರೆಲ್ಲ ಮೀಸೆ ಭಾವ ಎಂದೇ ಕರೆಯುತ್ತಿದ್ದರು. ತಲೆ ಮೂವತ್ತರಲ್ಲೇ ಬೋಳಾಗಿತ್ತು, ಆ ನಷ್ಟವನ್ನೆಲ್ಲ ಮೀಸೆಯಲ್ಲಿ ತುಂಬಿಸಿಕೊಂಡಿದ್ದ ಮನುಷ್ಯ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಸುತ್ತಲಿನ ಹತ್ತು ಬೀದಿಗೆ ಆತನೇ ಗತಿ. ಆಗಿನ ಟಿವಿಗೆ ಹೊಟ್ಟೆ ಇತ್ತು, ತೂಕ ಇತ್ತು. ಆನ್ ಮಾಡಿದರೆ ಮೈಗೂದಲು ನಿಮಿರಿಸುವ ಶಕ್ತಿ ಇತ್ತು. ಬಿಸಿಯಾಗಿ ಚಿತ್ರ ಬರುವ ತನಕ ಮನೆಮಂದಿಯೆಲ್ಲ ಮರ್ಯಾದೆಯಿಂದ ಕಾಯುತ್ತಿದ್ದರು. ತಿರುಪುಗಳು ಹಿಂದೆ, ಚಿತ್ರ ಮುಂದೆ. ಒಬ್ಬನೇ ಹಿಂದೂ ಮುಂದೂ ಇರಲಾಗುವುದಿಲ್ಲವಲ್ಲ, ಅದಕ್ಕೆ ಟಿವಿಯ ಎದುರಿಗೆ ಒಂದು ಕನ್ನಡಿ ಬೇಕು. ಆ ಕನ್ನಡಿ ಹಿಡಿಯುವ ನೌಕರಿ ಹೆಂಡತಿಯದು. ಅರ್ಧ ಹೊಲಿದ ಲಂಗವನ್ನು ಮಿಷನ್ನಿನಲ್ಲೇ ಬಿಟ್ಟು ಬಂದು ಆಕೆ ಕನ್ನಡಿ ಹಿಡಿದು ಕೂರುತ್ತಿದ್ದಳು.

"ಎಡಕ್ಕೆ... ಇನ್ನೂ ಎಡಕ್ಕೆ. ಲೇ ಇವಳೇ, ನಿನ್ನ ಮುಖ ಆಮೇಲೆ ನೋಡ್ಕೊ, ಟಿವಿ ಮುಖ ತೋರ್ಸು."

"ನನ್ನ ಮುಖ ನೋಡ್ಕೊಳ್ಳೋಕೆ ಪುರುಸೊತ್ತು ಎಲ್ಲಿ ಕೊಟ್ಟಿದೀರಿ ನೀವು?"

ಹೀಗೆ ಹಿಂದೆ ಒಬ್ಬರು, ಮುಂದೆ ಒಬ್ಬರು, ನಡುವೆ ಟಿವಿ ಇಟ್ಟುಕೊಂಡು ಇಬ್ಬರೂ ಇಪ್ಪತ್ತು ವರ್ಷ ಸಂಸಾರ ಮಾಡಿದರು. ಎಷ್ಟೋ ಮುಖ್ಯವಾದ ಮಾತುಗಳನ್ನು ಅವರು ಆಡಿದ್ದೇ ಹಾಗೆ, ಒಬ್ಬರನ್ನೊಬ್ಬರು ನೇರವಾಗಿ ನೋಡದೆ, ಕನ್ನಡಿಯ ಮೂಲಕ.

ಆಮೇಲೆ ಚಪ್ಪಟೆ ಟಿವಿಗಳು ಬಂದವು. ಮೊದಲ ಬಾರಿಗೆ ಒಂದನ್ನು ಬಿಚ್ಚಿದ ದಿನ ಮೀಸೆ ಭಾವನ ಮುಖ ನೋಡುವಂತಿತ್ತು. ಟ್ಯೂಬಿಲ್ಲ, ಕುತ್ತಿಗೆಯಿಲ್ಲ, ಹೊಟ್ಟೆಯೂ ಇಲ್ಲ. ಗಾಜಿನ ಕೆಳಗೆ ಬರೀ ಹಾಳೆಗಳು. ಒಂದರ ಮೇಲೊಂದು ಎತ್ತಿ ಎತ್ತಿ ಗುಡ್ಡೆ ಹಾಕಿದ ಮೇಲೆ ಯಾವುದು ಮೇಲಿನದು ಯಾವುದು ಕೆಳಗಿನದು ಮರೆತುಹೋಯಿತು. ಹೇಗೆ ಜೋಡಿಸಿದರೂ ಚಿತ್ರ ಮಬ್ಬು. ಎರಡು ದಿನ ಊಟ ಸೇರಲಿಲ್ಲ ಆ ಮನುಷ್ಯನಿಗೆ. ಮೂರನೆಯ ದಿನ ಹೆಂಡತಿ ಬಂದು, ಬಟ್ಟೆ ಅಂಗಡಿಯಲ್ಲಿ ಪೀಸು ನೋಡುವಂತೆ ಒಂದೊಂದು ಹಾಳೆಯನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸವರಿದಳು.

"ರೀ, ಇದು ಕೋಟು ಇದ್ದ ಹಾಗಿದೆ," ಎಂದಳು. "ಎಲ್ಲಕ್ಕಿಂತ ಕೆಳಗೆ ಈ ಬಿಳೀ ಅಸ್ತರು. ಮಧ್ಯೆ ಗಟ್ಟಿ ನಿಲ್ಲೋಕೆ ಈ ದಪ್ಪದ್ದು. ಮೇಲೆ ನಯವಾದ್ದು. ನೋಡಿ, ಈ ಒಂದಕ್ಕೆ ಒಳಮೈ ಹೊರಮೈ ಇದೆ. ಉಗುರು ಆಡ್ಸಿದ್ರೆ ಹೊರಮೈ ಗೀರು ಗೀರು ಅನ್ನುತ್ತೆ, ಒಳಮೈ ಜಾರುತ್ತೆ. ಹೊರಮೈ ಒಳಗೆ ಹಾಕಿ ಹೊಲಿದ್ರೆ ಬಟ್ಟೆ ಮಂಕಾಗ್ದೆ ಇನ್ನೇನಾಗುತ್ತೆ?"

ಆಕೆ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಈ ಟಿವಿಗಳ ಗಾಜಿಗೆ ಸ್ವಂತ ಬೆಳಕಿಲ್ಲ. ಎರಡು ತೆಳು ಗಾಜುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕಿಟಕಿಗಳು ಲಕ್ಷಗಟ್ಟಲೆ ಇರುತ್ತವೆ. ಕೆಂಪು, ಹಸಿರು, ನೀಲಿ. ಕರೆಂಟಿನ ಅಪ್ಪಣೆಯಂತೆ ಅವು ತೆರೆಯುತ್ತವೆ, ಮುಚ್ಚುತ್ತವೆ. ಬೆಳಕು ಬರಬೇಕಾದದ್ದು ಹಿಂದಿನಿಂದ. ತಗಡಿನ ತಟ್ಟೆಯೊಂದರಲ್ಲಿ ಪಟ್ಟಿ ಪಟ್ಟಿಯಾಗಿ ಪುಟ್ಟ ದೀಪಗಳು, ಒಂದೊಂದರ ತಲೆಯ ಮೇಲೂ ಬೆಳಕನ್ನು ಅಗಲಿಸುವ ಒಂದು ಪಾರದರ್ಶಕ ಟೋಪಿ. ದೀಪಗಳ ಸುತ್ತ ಹಾಸಿದ ಬಿಳಿ ಹಾಳೆ, ಹಿಂದೆ ಹೋಗುವ ಬೆಳಕನ್ನು ಮುಂದಕ್ಕೇ ತಿರುಗಿಸುತ್ತದೆ. ಅದರ ಮೇಲೆ ಹಾಲು ಬಣ್ಣದ ದಪ್ಪ ಹಲಗೆ. ಅದಿಲ್ಲದಿದ್ದರೆ ದೀಪಗಳು ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ಆಮೇಲೆ ಸೂಕ್ಷ್ಮ ಏಣುಗಳಿರುವ ಹಾಳೆ, ಅಡ್ಡಾದಿಡ್ಡಿ ಹೊರಟ ಬೆಳಕಿಗೆ ಬುದ್ಧಿ ಹೇಳಿ ನೋಡುವವರ ಕಡೆ ನೆಟ್ಟಗೆ ಕಳಿಸುವುದು ಅದು. ಕೊನೆಗೆ ಒಂದು ಮೃದು ಹಾಳೆ, ಅದರ ಮೇಲೆ ಗಾಜು. ಈ ಹಾಳೆಗಳ ನಡುವೆ ಒಂದು ಧೂಳಿನ ಕಣ ಉಳಿದರೂ ಆಯಿತು, ಟಿವಿ ಇರುವ ತನಕ ಅದು ಪರದೆಯ ಮೇಲೆ ಕಪ್ಪು ಚುಕ್ಕೆ.

ಅಂದಿನಿಂದ ಹಾಳೆಗಳು ಆಕೆಯ ಸುಪರ್ದಿಗೆ ಬಂದವು, ಹೆಸರೂ ಪದರದಕ್ಕ ಎಂದಾಯಿತು. ಕೆಲಸಕ್ಕೆ ಇಳಿಯುವ ಮೊದಲು ನೆಲ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಕಿಟಕಿ ಮುಚ್ಚಬೇಕು, ಫ್ಯಾನು ಆರಿಸಬೇಕು, ತಲೆಗೆ ಬಟ್ಟೆ ಕಟ್ಟಬೇಕು. ಗಂಡನ ಬೋಳುತಲೆಗೆ ವಿನಾಯಿತಿ ಇತ್ತು, ಮೀಸೆಗಿರಲಿಲ್ಲ. ಗಾಜು ಎತ್ತಲು ನಾಲ್ಕು ಕೈ ಬೇಕಲ್ಲ, ಅಷ್ಟು ಹೊತ್ತು ಮಾತ್ರ ಆತ ಮೀಸೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಬರಬಹುದು. ಗಾಜು ಎತ್ತಿಟ್ಟ ತಕ್ಷಣ ಬಾಗಿಲಿಗೆ ಹೋಗಿ, ಚೌಕಟ್ಟಿಗೆ ಒರಗಿ ನಿಂತು ಟಾರ್ಚು ಹಿಡಿಯಬೇಕು. ಮೂವತ್ತು ವರ್ಷ ಅನುಭವದ ಮೆಕ್ಯಾನಿಕ್, ತನ್ನದೇ ಮನೆಯ ಬಾಗಿಲಲ್ಲಿ ದೀಪದ ಕಂಬ!

"ಒಳಗೆ ಬರ್ಲೇನೇ?"

"ಅಲ್ಲೇ ನಿಂತಿರಿ ಅಂದೆ."

ಹಾಳೆಗಳನ್ನು ಮತ್ತೆ ಜೋಡಿಸುವ ಮೊದಲು ಆಕೆ ತಗಡಿನ ತಟ್ಟೆಯ ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು, ಪಕ್ಕದಲ್ಲಿ ನಾಲ್ಕು ತೂತಿನ ಒಂದು ಅಂಗಿ ಗುಂಡಿಯ ಚಿತ್ರ ಬಿಡಿಸುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ಆ ಗುಂಡಿ ಬಿದ್ದ ಒಂದೇ ಒಂದು ಟಿವಿಯಲ್ಲೂ ಚುಕ್ಕೆ ಕಾಣಿಸಿಕೊಂಡಿರಲಿಲ್ಲ. ಕಟಿಂಗ್ ಶಾಪಿನ ಟಿವಿ ಬರುವ ತನಕ.

ಮೂರು ವರ್ಷದ ಹಿಂದೆ ಆ ಟಿವಿಯ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದಾಗಲೇ ಆಕೆಗೆ ಹೊಟ್ಟೆ ಹಿಡಿದುಕೊಂಡಿತು. ಪಿತ್ತಕೋಶದಲ್ಲಿ ಕಲ್ಲು. ನೋವು, ಜ್ವರ, ಆಪರೇಷನ್ನು ಎಂದು ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಮನೆಗೆ ಬಂದಾಗ ಮೇಜು ಖಾಲಿಯಿತ್ತು. "ನೀನೇ ಮುಗಿಸಿಟ್ಟು ಹೋಗಿದ್ಯಲ್ಲೇ, ನೆನಪಿಲ್ವಾ? ನಾನು ಹಿಂದಿನ ಕವರ್ ಮಾತ್ರ ಹಾಕಿ ಕೊಟ್ಟೆ," ಎಂದ ಗಂಡ. ಆ ದಿನದ್ದು ಆಕೆಗೆ ಏನೂ ಸರಿಯಾಗಿ ನೆನಪಿರಲಿಲ್ಲ. ಇರಬಹುದು ಎಂದುಕೊಂಡಳು. ವಾರದ ಮೇಲೆ ಕಟಿಂಗ್ ಶಾಪಿನ ಅಣ್ಣ ಬಂದು, ಪರದೆಯ ಮೇಲಿನ ಮೂಲೆಯಲ್ಲಿ ಬಾಗಿದ ಗೆರೆಯೊಂದು ಕಾಣುತ್ತದೆ, ಚಿತ್ರವೂ ಮೊದಲಿನಷ್ಟು ಬೆಳ್ಳಗಿಲ್ಲ ಎಂದ.

ಅದೂ ಎಂಥ ಜಾಗ! ಊರಿನ ಗಂಡಸರೆಲ್ಲ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಅಲುಗಾಡದೆ ಅರ್ಧ ಗಂಟೆ ನೋಡುವ ಟಿವಿ ಅದು. ಕೂತವರೆಲ್ಲ ಆ ಗೆರೆ ಏನು ಎಂದು ಕೇಳುವುದು, ಪದರದಕ್ಕ ಮಾಡಿದ್ದು ಎಂದು ಆತ ಹೇಳುವುದು. ಆತ ಕೆಟ್ಟದ್ದಕ್ಕೆ ಹೇಳಿದ್ದಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದು. ಆದರೂ ಮಾತಿಗೆ ಕಾಲು ಬಂತು. ಅಕ್ಕನಿಗೆ ವಯಸ್ಸಾಯಿತಂತೆ, ಆಪರೇಷನ್ ಆದ ಮೇಲೆ ಕಣ್ಣು ಸಾಲದಂತೆ. "ತನ್ನಿ, ಬಿಚ್ಚಿ ನೋಡ್ತೀನಿ," ಎಂದಳು ಆಕೆ. ಗಂಡ ಅಡ್ಡ ಬಂದ. ಮತ್ತೆ ಬಿಚ್ಚಿದರೆ ಗಾಜು ಒಡೆಯಬಹುದು, ಸಣ್ಣ ಗೆರೆ ತಾನೆ, ಇರಲಿ ಬಿಡು ಎಂದು ಇಬ್ಬರಿಗೂ ಸಮಾಧಾನ ಹೇಳಿದ. ತನ್ನ ಮಾನ ಉಳಿಸಲು ಆತ ಹಾಗೆ ಮಾಡಿದ ಎಂದೇ ಆಕೆ ತಿಳಿದಳು. ಆಮೇಲೆ ಬಂದ ಒಂದು ಟಿವಿಯ ಹಾಳೆ ಎತ್ತುವಾಗ ಬೆರಳು ನಡುಗಿದವು. ಹಾಳೆಯನ್ನು ಹಾಗೇ ಕೆಳಗಿಟ್ಟು, "ನನ್ನ ಕೈ ಹೋಯ್ತು ರೀ," ಎಂದು ಎದ್ದವಳು ಮತ್ತೆ ಆ ಮೇಜಿಗೆ ಕೂರಲಿಲ್ಲ. ಒಂದೂವರೆ ವರ್ಷದ ಮೇಲೆ ಮೀಸೆ ಭಾವನೂ ಹೋದ. ಎದೆ ನೋವೆಂದು ಕುರ್ಚಿಯಲ್ಲಿ ಕುಳಿತವನು ಏಳಲಿಲ್ಲ.

"ನನ್ನದೊಂದು ತಪ್ಪಿದೆ ಅಕ್ಕ," ಎಂದ ಸ್ಟೂಲಿನ ಮೇಲಿದ್ದ ಕಟಿಂಗ್ ಶಾಪಿನ ಅಣ್ಣ. "ಚಿತ್ರ ಮಂಕು ಅಂತ, ಮೂರು ವರ್ಷದಿಂದ ಬೆಳಕು ನೂರಕ್ಕೆ ನೂರು ಇಟ್ಟೇ ನೋಡ್ತಿದ್ದೆ. ಬೆಳಿಗ್ಗೆಯಿಂದ ಅಂಗಡಿ ಮುಚ್ಚೋ ತನ್ಕ."

ಆಕೆ ಟಾರ್ಚು ಆರಿಸಿದಳು. ಇನ್ನೇನು ಉಳಿಯಿತು? ಅಷ್ಟು ಬೆಳಕು ಇಟ್ಟರೆ ಯಾವ ದೀಪ ತಡೆದೀತು. ತಾನು ಮಂಕು ಮಾಡಿಕೊಟ್ಟೆ, ಅದಕ್ಕೆ ಆತ ಬೆಳಕು ಏರಿಸಿದ, ಅದಕ್ಕೆ ದೀಪ ಸುಟ್ಟಿತು. ಸುತ್ತಿ ಸುತ್ತಿ ಬಂದು ತಪ್ಪು ತನ್ನ ಬುಡಕ್ಕೇ ನಿಂತಿತು.

"ತಪ್ಪು ನಿಮ್ಮದಲ್ಲ," ಎಂದಳು. "ಎತ್ತಿ ಒಳಗಿನ ಮೇಜಿನ ಮೇಲಿಡಿ. ನಾನು ಕೆಡ್ಸಿದ್ದನ್ನ ನಾನೇ ಸರಿ ಮಾಡಿ, ಆಮೇಲೆ ಮೇಜು ಕಳಿಸ್ತೀನಿ."

ನೆಲ ಒರೆಸಿದಳು, ಕಿಟಕಿ ಮುಚ್ಚಿದಳು, ತಲೆಗೆ ಬಟ್ಟೆ ಕಟ್ಟಿದಳು. ಆತನಿಗೂ ಒಂದು ಬಟ್ಟೆ ಕೊಟ್ಟಳು. "ನಿಮಗೆ ಮೀಸೆ ಇಲ್ಲ, ಬದುಕಿದಿರಿ," ಎಂದಳು. ಗಂಡನ ಮೀಸೆ ಬಟ್ಟೆ ಇನ್ನೂ ಮೊಳೆಯಲ್ಲೇ ತೂಗುತ್ತಿತ್ತು, ಅದನ್ನು ಮುಟ್ಟಲಿಲ್ಲ. ಹಿಂಬದಿ ಕವರು, ಬೋರ್ಡುಗಳು, ಸುತ್ತಲಿನ ಚೌಕಟ್ಟು ಬಿಚ್ಚುವ ತನಕ ಕೈಗೆ ಏನೂ ಆಗಲಿಲ್ಲ. ಗಾಜು ಎತ್ತುವ ಮೊದಲು ಮಾತ್ರ ಅಂಗೈಗಳನ್ನು ಎರಡೆರಡು ಸಲ ಒರೆಸಿಕೊಂಡಳು.

"ನಾಲ್ಕೂ ಮೂಲೆ ಒಟ್ಟಿಗೆ ಏಳ್ಬೇಕು. ಅಂಚಲ್ಲಿ ತೆಳು ಪಟ್ಟಿಗಳಿವೆ ನೋಡಿ, ಅದರಲ್ಲಿ ಒಂದು ಹರಿದ್ರೂ ಮುಗೀತು."

"ಅಕ್ಕ, ದಿನಾ ಹತ್ತು ಜನರ ಕತ್ತಿನ ಮೇಲೆ ಕತ್ತಿ ಆಡ್ಸೋ ಕೈ ಇದು. ಅಲುಗಾಡಲ್ಲ."

ನಿಜಕ್ಕೂ ಅಲುಗಾಡಲಿಲ್ಲ. ಗಾಜು ಸುಗಮವಾಗಿ ಎದ್ದು ಪಕ್ಕದ ಕಂಬಳಿಗೆ ಹೋಯಿತು. ಆಕೆ ಉಸಿರು ಬಿಟ್ಟು, ಮೇಲಿನ ಮೃದು ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎತ್ತಿದಳು. ಅದರ ಕೆಳಗೆ, ಮೂಲೆಯಲ್ಲಿ, ಮೂರು ವರ್ಷ ಊರೆಲ್ಲ ನೋಡಿದ ಗೆರೆ ಬಿದ್ದಿತ್ತು. ಒಂದು ಕೂದಲು.

"ನಿಮ್ಮ ಅಂಗಡೀದೇ ಇರ್ಬೇಕು," ಎಂದಳು, ಅದು ಸುಳ್ಳೆಂದು ಗೊತ್ತಿದ್ದೂ. ಮುಚ್ಚಿದ ಟಿವಿಯ ಹಾಳೆಗಳ ನಡುವೆ ಕೂದಲು ನಡೆದುಕೊಂಡು ಹೋಗುವುದಿಲ್ಲ. ಅಂಟುಪಟ್ಟಿಯ ತುಂಡಿನಲ್ಲಿ ಅದನ್ನು ಮೆಲ್ಲಗೆ ಎತ್ತಿ, ನೋಡದೆ ಮೇಜಿನ ಅಂಚಿಗೆ ಅಂಟಿಸಿ, ಏಣಿನ ಹಾಳೆಗೆ ಕೈ ಹಾಕಿದಳು.

ಈ ಹಾಳೆಗಳ ಅಂಚಿನಲ್ಲಿ ಸಣ್ಣ ಕಿವಿಗಳಿರುತ್ತವೆ. ಹಾಳೆ ತಿರುವುಮುರುವಾಗದಿರಲಿ ಎಂದು, ಚೌಕಟ್ಟಿನ ಒಂದೇ ಗೂಡಿಗೆ ಕೂರುವ ಹಾಗೆ ಕಿವಿ ಮಾಡಿರುತ್ತಾರೆ. ಈ ಹಾಳೆಗೆ ಕಿವಿ ಇರಲಿಲ್ಲ. ಇತ್ತು, ಅದನ್ನು ಕತ್ತರಿಯಲ್ಲಿ ಕತ್ತರಿಸಿ ಹಾಕಿದ್ದರು. ಆಕೆ ಬಗ್ಗಿ ನೋಡಿದಳು. ಕತ್ತರಿಸಿದ ಗೆರೆ ಮೂರು ಕಡೆ ವಕ್ರ. ಉಗುರು ಆಡಿಸಿದಳು, ಜಾರಿತು. ಹಾಳೆಯ ಕೆಳಗೆ ಬೆರಳು ತೂರಿಸಿ ಸವರಿದಳು. ಗೀರು ಗೀರು ಎಂದಿತು. ಹೊರಮೈ ಒಳಗೆ.

ಯಾರೋ ಹಾಳೆಯನ್ನು ಉಲ್ಟಾ ಹಾಕಿದ್ದಾರೆ. ಕಿವಿ ಗೂಡಿಗೆ ಕೂರಲಿಲ್ಲ. ಕೂರದ ಕಿವಿಯನ್ನೇ ಕತ್ತರಿಸಿದ್ದಾರೆ. ಜ್ವರ ನೆತ್ತಿಗೇರಿ ಪ್ರಜ್ಞೆ ತಪ್ಪುವಂತಿದ್ದರೂ ತನ್ನ ಕೈ ಕತ್ತರಿಯನ್ನು ಹೀಗೆ ಆಡಿಸುವುದಿಲ್ಲ. ಆಕೆ ಹನ್ನೆರಡನೇ ವಯಸ್ಸಿಗೆ ಕತ್ತರಿ ಹಿಡಿದವಳು. ದಪ್ಪ ಹಲಗೆ ತೆಗೆದಳು, ಬಿಳಿ ಹಾಳೆ ತೆಗೆದಳು, ತಗಡಿನ ಮೂಲೆಯನ್ನು ಬೆಳಕಿಗೆ ತಿರುಗಿಸಿದಳು. ತಾರೀಖಿಲ್ಲ. ಗುಂಡಿಯಿಲ್ಲ.

"ಅಣ್ಣ, ಆ ಕೂದಲು ಸ್ವಲ್ಪ ನೋಡಿ," ಎಂದಳು.

ಆತ ಅಂಟುಪಟ್ಟಿಯನ್ನು ಕಿಟಕಿಯ ಗಾಜಿಗೆ ಹಿಡಿದ. ಆ ವಿದ್ಯೆಯಲ್ಲಿ ಆತನನ್ನು ಮೀರಿಸುವವರಿಲ್ಲ. "ತಲೆಗೂದಲಲ್ಲ ಇದು. ತುಂಬ ದಪ್ಪ, ಬಿರುಸು. ಬುಡ ಬೆಳ್ಳಗೆ, ತುದಿ ಕರ್ರಗೆ. ಬಣ್ಣ ಹಚ್ಚಿ ಹದಿನೈದು ದಿನ ಆಗಿರೋ ಮೀಸೆ..." ಎಂದವನು ಅಲ್ಲಿಗೇ ನಿಂತ. ಆಕೆಯ ಮುಖ ನೋಡಿದ. "ಅಕ್ಕ, ಈ ಬಣ್ಣ ಹಚ್ಚಿದ್ದು ನಾನೇ. ಭಾವಂದು."

ಆಕೆ ಅಂಟುಪಟ್ಟಿಯನ್ನು ಆತನ ಕೈಯಿಂದ ತೆಗೆದುಕೊಂಡು ಮತ್ತೆ ಮೇಜಿನ ಅಂಚಿಗೆ ಅಂಟಿಸಿದಳು.

"ನಾನೇ ಬೆನ್ನು ಹತ್ತಿದ್ದು," ಎಂದ ಆತ ಆಮೇಲೆ. "ಫೈನಲ್ ಮ್ಯಾಚಿತ್ತು. ಟಿವಿ ಕೊಡಿ ಭಾವ, ಕೊಡಿ ಭಾವ ಅಂತ ಆಸ್ಪತ್ರೆ ಬಾಗಿಲಿಗೂ ಹೋಗಿದ್ದೆ. ಅವಳೇ ಮುಗಿಸಿಟ್ಟು ಹೋಗಿದಾಳೆ ಕಣಯ್ಯ, ನಾಳೆ ಬಾ ಅಂದ್ರು."

ಆಕೆಗೆ ಈಗ ಎಲ್ಲವೂ ಕಣ್ಣಿಗೆ ಕಟ್ಟಿತು. ಖಾಲಿ ಮನೆ. ಆಸ್ಪತ್ರೆಯಿಂದ ಬಂದು ಮೀಸೆಗೆ ಬಟ್ಟೆಯನ್ನೂ ಕಟ್ಟದೆ, ಬಾಗಿಲಿನಿಂದ ಒಳಗೆ ಕಾಲಿಟ್ಟ ಮನುಷ್ಯ. ಕಿವಿ ಕೂರದಿದ್ದಾಗ ಬೆವರು ಒರೆಸಿಕೊಂಡು, ಆಕೆಯ ಕತ್ತರಿಯನ್ನೇ ಎತ್ತಿಕೊಂಡದ್ದು. ಮೂವತ್ತು ವರ್ಷದ ಮೆಕ್ಯಾನಿಕ್‌ಗೆ ನಾಲ್ಕು ಹಾಳೆ ಜೋಡಿಸಲು ಬರಲಿಲ್ಲ ಎಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು! ಬಾಯಲ್ಲಿ ಸುಳ್ಳು ಹೇಳಿದ. ಆದರೆ ತಗಡಿನ ಮೇಲೆ ಆಕೆಯ ಗುಂಡಿ ಬಿಡಿಸಲು ಮಾತ್ರ ಕೈ ಬರಲಿಲ್ಲ ಆತನಿಗೆ. ಅಷ್ಟು ಪ್ರಾಮಾಣಿಕತೆ ಉಳಿಸಿಕೊಂಡಿದ್ದ, ಪುಣ್ಯಾತ್ಮ.

ಸಿಟ್ಟು ಬಂತು. ಉರಿ ಉರಿ ಸಿಟ್ಟು. ಕೈ ಹೋಯಿತೆಂದು ನಾನು ಅತ್ತಾಗ ಎದುರಿಗೇ ಕುಳಿತಿದ್ದಿರಲ್ಲ, ಒಂದು ಮಾತು ಹೇಳಬಾರದಿತ್ತೆ? ಹೀಗೆ ಕೇಳಿಕೊಂಡ ಮೇಲೆ ಇನ್ನೊಂದು ನೆನಪು ಬಂತು, ಅದು ಸಿಟ್ಟಿಗಿಂತ ಕಷ್ಟದ್ದು. ಆತ ಹೇಳಲು ಹೊರಟಿದ್ದ. ಒಂದಲ್ಲ, ಎರಡು ಸಲ. ಒಮ್ಮೆ ಚಹಾ ಕುಡಿಯುವಾಗ, ಇನ್ನೊಮ್ಮೆ ಸಾಯುವ ಹಿಂದಿನ ವಾರ. "ಲೇ ಇವಳೇ, ಆ ಕಟಿಂಗ್ ಶಾಪಿನ ಟಿವಿ ಇದೆಯಲ್ಲ..." ಎಂದು ಶುರು ಮಾಡಿದ್ದ. "ಅದರ ಹೆಸರು ಎತ್ತಿದ್ರೆ ನೋಡಿ!" ಎಂದು ಎರಡು ಸಲವೂ ಆಕೆಯೇ ಎದ್ದು ಹೋಗಿದ್ದಳು. ಟಿವಿ ನಡುವೆ ಇಲ್ಲದೆ, ಕನ್ನಡಿ ಇಲ್ಲದೆ, ನೇರ ಮುಖ ನೋಡಿ ಮಾತಾಡುವುದು ಇಬ್ಬರಿಗೂ ಅಭ್ಯಾಸವಿರಲಿಲ್ಲ. ಆಕೆ ತಲೆಯ ಬಟ್ಟೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಅತ್ತ ತಿರುಗಿ ಅತ್ತಳು, ಅಷ್ಟರಲ್ಲೂ ಆ ಎಚ್ಚರ ಇತ್ತು.

"ನಾನು ಹೋಗಿ ಚಹಾ ತರ್ಲಾ ಅಕ್ಕ?"

"ಕೂತ್ಕೊಳ್ಳಿ. ಬಾಗಿಲು ತೆಗೆದ್ರೆ ಧೂಳು ಬರುತ್ತೆ."

ಕರೆಂಟು ಪರೀಕ್ಷಿಸುವ ಮೀಟರಿನ ಎರಡು ಮೊನೆಗಳನ್ನು ಒಂದೊಂದು ದೀಪಕ್ಕೂ ಮುಟ್ಟಿಸುತ್ತ ಹೋದಳು. ಎರಡನೆಯ ಪಟ್ಟಿಯ ಐದನೆಯದು ಮಾತ್ರ ಮಿನುಗಲಿಲ್ಲ. ಈ ದೀಪಗಳು ಕೈ ಕೈ ಹಿಡಿದು ಸಾಲಾಗಿ ನಿಂತಿರುತ್ತವೆ. ಒಂದು ಕೈ ಬಿಟ್ಟರೆ ಎಲ್ಲವೂ ಆರುತ್ತವೆ. ಅದರ ಜೊತೆಗಿದ್ದವು ಕೂಡ ಬಿಸಿಯಲ್ಲಿ ಬೆಂದಿದ್ದವು. ಹಳೆಯ ಡಬ್ಬಿಯಲ್ಲಿ ಅದೇ ಅಳತೆಯ ಹೊಸ ಪಟ್ಟಿಗಳಿದ್ದವು, ಎಲ್ಲವನ್ನೂ ಬದಲಾಯಿಸಿದಳು. ಕಿವಿ ಕತ್ತರಿಸಿದ ಹಾಳೆಗೆ ಬದಲಿ ಬೇಕಿತ್ತು. ಗಾಜು ಒಡೆದು ಸತ್ತ ಟಿವಿಗಳ ಹಾಳೆಗಳನ್ನು ಆಕೆ ದಿನಪತ್ರಿಕೆಗಳ ನಡುವೆ ಇಟ್ಟು, ಬೀರುವಿನ ಹಿಂದೆ ನಿಲ್ಲಿಸಿದ್ದಳು. ಕೆಲಸ ಬಿಟ್ಟ ಮೇಲೂ ಅವುಗಳನ್ನು ಎಸೆದಿರಲಿಲ್ಲ.

ಸರಿಯಾದ ಹಾಳೆ ಸಿಕ್ಕಿತು. ಬಿಳಿ ಅಸ್ತರು, ಅದರ ಮೇಲೆ ದಪ್ಪ ಹಲಗೆ. ಏಣಿನ ಹಾಳೆಯನ್ನು ಎತ್ತಿ, ಎರಡೂ ಕೈಯಲ್ಲಿ ಗಾಳಿಯಲ್ಲಿ ಹಿಡಿದು, ಉಗುರು ಆಡಿಸಿ ಹೊರಮೈ ಗುರುತಿಸಿ ಇಳಿಸಿದಳು. ಕಿವಿ ಗೂಡಿಗೆ ಕೂತಿತು. ಆಗಲೇ ಆಕೆ ತನ್ನ ಬೆರಳುಗಳನ್ನು ನೋಡಿಕೊಂಡದ್ದು. ನಡುಗುತ್ತಿರಲಿಲ್ಲ. ನಡುಗಬೇಕೆಂಬುದನ್ನೇ ಮರೆತಿದ್ದವು. ಮೃದು ಹಾಳೆ ಹಾಸುವ ಮೊದಲು ಓರೆಯಾಗಿ ಕಣ್ಣು ಹಾಯಿಸಿ ಒಂದು ನಾರಿನ ಎಳೆಯನ್ನು ಹಿಡಿದಳು. ಕಟಿಂಗ್ ಶಾಪಿನ ಅಣ್ಣನಿಗೆ ಅದು ತೋರಿಸಿದರೂ ಕಾಣಲಿಲ್ಲ.

ಗಾಜು ಕೂತಿತು, ಚೌಕಟ್ಟು ಬಿಗಿಯಿತು. ಮೊದಲು ಬೆಳಕನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಪರದೆ ಪೂರ್ತಿ ಬಿಳಿ ಮಾಡಿದಳು. ಅಂಚಿನಿಂದ ಅಂಚಿಗೆ ಒಂದೇ ಸಮ ಬಿಳುಪು. ಮೂಲೆಯೂ ಬಿಳುಪು.

ಕಟಿಂಗ್ ಶಾಪಿನ ಅಣ್ಣ ಬಹಳ ಹೊತ್ತು ನೋಡಿದ. "ಚೆನ್ನಾಗಿದೆ," ಎಂದ. "ಆದ್ರೆ ಅಕ್ಕ, ಆ ಗೆರೆ ಇಲ್ದೆ ಒಂಥರ ಬೋಳು ಬೋಳು ಅನ್ಸುತ್ತೆ."

"ಬೋಳಿಗೇನು, ಅವರಿಗೂ ತಲೆ ಬೋಳೇ ಇತ್ತು," ಎಂದು ಆಕೆ ನಕ್ಕಳು. ಮೂರು ವರ್ಷದ ಮೇಲೆ ಆ ಕೋಣೆಯಲ್ಲಿ ನಕ್ಕದ್ದು ಅದೇ ಮೊದಲು. "ಊರವ್ರು ಕೇಳಿದ್ರೆ ಏನು ಹೇಳ್ತೀರಿ?"

ಆತ ಯೋಚಿಸಿದ. ಸತ್ತವರ ಮೀಸೆಯ ವಿಷಯ, ಎಚ್ಚರದಿಂದ ಮಾತಾಡಬೇಕು. "ಪದರದಕ್ಕ ಸರಿ ಮಾಡಿದ್ರು ಅಂತೀನಿ. ಹಾಳು ಮಾಡಿದ್ದು ಯಾರು ಅಂತ ಯಾರೂ ಕೇಳಲ್ಲ ಬಿಡಿ."

"ಕೇಳಿದ್ರೆ ಹೇಳಿ. ಮೀಸೆ ಭಾವ ಅಂತ್ಲೇ ಹೇಳಿ. ನನ್ನ ಮೇಲೆ ಹಾಕಿ ಮೂರು ವರ್ಷ ತಪ್ಪಿಸ್ಕೊಂಡಿದಾರೆ, ಸಾಕು."

ಆತ ಟಿವಿಯನ್ನು ಮತ್ತೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೊರಟ. ತಗಡಿನ ಮೂಲೆಯಲ್ಲಿ ಅಂದಿನ ತಾರೀಖು, ಪಕ್ಕದಲ್ಲಿ ನಾಲ್ಕು ತೂತಿನ ಗುಂಡಿ ಒಳಗೇ ಕುಳಿತು ಆತನ ಜೊತೆ ಹೋದವು. ಆಕೆ ಫೋನೆತ್ತಿ ತಂಗಿಗೆ ಮಾಡಿದಳು.

"ಭಾನುವಾರ ಬಾ. ಊಟ ಮಾಡ್ಕೊಂಡು ಹೋಗು. ಮೇಜು ಕೊಡಲ್ಲ."

"ಅಲ್ಲಕ್ಕ, ಕೊಡ್ತೀನಿ ಅಂದಿದ್ಯಲ್ಲ?"

"ಅಂದಾಗ ನನ್ನ ಕೈ ಕಳೆದ್ಹೋಗಿತ್ತು ಕಣೆ. ಈಗ ಸಿಕ್ಕಿದೆ. ಮರಗೆಲಸದವ್ರಿಗೆ ಹೇಳಿ ನಿನಗೊಂದು ಹೊಸಾದು ಮಾಡಿಸ್ಕೊಡ್ತೀನಿ."

ತಂಗಿ ಇನ್ನೂ ಏನೋ ಕೇಳುತ್ತಿದ್ದಳು. ಭಾನುವಾರ ಎಲ್ಲ ಹೇಳುತ್ತೇನೆ ಎಂದು ಆಕೆ ಫೋನಿಟ್ಟಳು. ಮೇಜು ಒರೆಸಿದಳು, ಕಂಬಳಿಯ ಮೂಲೆಗಳನ್ನು ಎಳೆದು ಬಿಗಿ ಮಾಡಿದಳು. ಕಿಟಕಿ ತೆರೆದಾಗ ಮಧ್ಯಾಹ್ನದ ಬಿಸಿಲು ಮೇಜಿನ ತನಕ ಬಂತು. ಅಂಚಿನಲ್ಲಿ ಅಂಟುಪಟ್ಟಿಯ ತುಂಡು ಹಾಗೇ ಇತ್ತು, ಅದರೊಳಗೆ ಆ ಕೂದಲು. ಅರ್ಧ ಬಿಳಿ, ಅರ್ಧ ಕಪ್ಪು, ತುದಿಯಲ್ಲಿ ಕೊಂಚ ಮೇಲಕ್ಕೆ ತಿರುಗಿದ ಠೀವಿ.

ಆಕೆ ಅದನ್ನು ಬಿಡಿಸಿಕೊಂಡು ಬಾಗಿಲಿಗೆ ಹೋದಳು. ಚೌಕಟ್ಟಿನ ಒಂದು ಕಡೆ, ಹದಿನಾಲ್ಕು ವರ್ಷ ಒಬ್ಬರ ಹೆಗಲು ಒರಗಿ ಒರಗಿ ಬಣ್ಣ ಸವೆದು ನುಣುಪಾದ ಜಾಗವಿತ್ತು. ಅದಕ್ಕಿಂತ ಸ್ವಲ್ಪ ಮೇಲೆ, ಮೀಸೆ ಬರುವ ಎತ್ತರಕ್ಕೆ, ಹಿಮ್ಮಡಿ ಎತ್ತಿ ನಿಂತು ಆ ಅಂಟುಪಟ್ಟಿಯನ್ನು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು.

"ಅಲ್ಲೇ ನಿಂತಿರಿ," ಎಂದಳು. "ಒಳಗೆ ಬಂದ್ರೆ ನೋಡಿ."

ಆಮೇಲೆ ಕೈ ತೊಳೆದುಕೊಂಡು, ಬೀರುವಿನ ಹಿಂದಿನ ಹಾಳೆಗಳನ್ನು ಅಳತೆಯ ಪ್ರಕಾರ ಬೇರೆ ಬೇರೆ ಮಾಡಿ ಇಡಲು ಕುಳಿತಳು.